ಅಡುಗೆಮನೆಯಲ್ಲಿ ರೇಖಾಗಣಿತ

ರೇಖಾಗಣಿತವೆಂದರೆ ಕೈವಾರ, ಅಳತೆಪಟ್ಟಿಗಳನ್ನು ಹಿಡಿದು ಕಾಗದದ ಮೇಲೆ ನಡೆಸುವ ಕೆಲಸವೆಂದು ಅನೇಕರು ಭಾವಿಸುವುದುಂಟು. ಆದರೆ ಅಡುಗೆಮನೆಯಲ್ಲಿ ಒಮ್ಮೆ ಗಮನವಿಟ್ಟು ನೋಡಿರಿ. ಹಪ್ಪಳವು ವೃತ್ತ, ಮುದ್ದೆಯು ಗೋಳ, ಕರಿಗಡುಬು ಅರ್ಧವೃತ್ತ, ಕೋಡುಬಳೆ ಉಂಗುರ, ಚಕ್ಕುಲಿ ಸುರುಳಿ. ಈ ಆಕಾರಗಳು ಕೇವಲ ಅಂದಕ್ಕಾಗಿ ಬಂದವುಗಳಲ್ಲ. ಹಲವಕ್ಕೆ ಗಣಿತದ ಕಾರಣವೂ ಉಂಟು.

ಒಂದೇ ಘನಫಲವುಳ್ಳ ಎಲ್ಲ ಆಕೃತಿಗಳಲ್ಲಿ ಗೋಳದ ಮೇಲ್ಮೈಯೇ ಅತ್ಯಂತ ಕಡಿಮೆ. ಇದನ್ನು ೧೮೮೪ರಲ್ಲಿ ಜರ್ಮನಿಯ ಗಣಿತಜ್ಞನಾದ ಶ್ವಾರ್ಟ್ಸ್ ಸಾಧಿಸಿ ತೋರಿಸಿದನು. ವಸ್ತುವಿನ ಬಿಸಿಯು ಹೊರಹೋಗುವುದು ಅದರ ಮೇಲ್ಮೈಯಿಂದ. ಆದುದರಿಂದಲೇ ರಾಗಿಮುದ್ದೆಯು ಬಹಳ ಹೊತ್ತು ಬಿಸಿಯಾಗಿರುತ್ತದೆ. ಅದೇ ಹಿಟ್ಟಿನ ತೆಳುವಾದ ರೊಟ್ಟಿಯು ಬೇಗನೆ ಆರಿಹೋಗುತ್ತದೆ. ಹಪ್ಪಳವನ್ನು ತೆಳುವಾಗಿ ಲಟ್ಟಿಸುವುದರಿಂದ ಅದರ ಮೇಲ್ಮೈ ಹೆಚ್ಚಿ, ಬಿಸಿಲಿನಲ್ಲಿ ನೀರಿನಂಶವು ಬೇಗ ಆರುತ್ತದೆ. ಉದ್ದಿನ ವಡೆಯ ನಡುವಣ ತೂತು ಸಹ ವ್ಯರ್ಥವಲ್ಲ. ಕಾದ ಎಣ್ಣೆಯು ಅದರ ಮೂಲಕವೂ ತಾಗುವುದರಿಂದ ವಡೆಯ ಮಧ್ಯಭಾಗವು ಹಸಿಯಾಗಿ ಉಳಿಯುವುದಿಲ್ಲ.

ತಟ್ಟೆಯಲ್ಲಿ ಹರಡಿದ ಮೈಸೂರು ಪಾಕನ್ನು ಚೌಕಗಳಾಗಿ ಕೊಯ್ಯುವುದನ್ನು ನೀವು ಕಂಡಿರಬಹುದು. ಚೌಕಗಳು ಒಂದರ ಪಕ್ಕದಲ್ಲೊಂದು ಎಡೆಯಿಲ್ಲದೆ ಹೊಂದಿಕೊಳ್ಳುತ್ತವೆ. ಹಾಗಲ್ಲದೆ, ಪ್ರತಿಯೊಂದು ಚೌಕದಲ್ಲಿಯೂ ಹಿಡಿಸುವಷ್ಟು ದೊಡ್ಡ ವೃತ್ತವನ್ನು ಕೊಯ್ದರೆ, ನೂರರಲ್ಲಿ ಸುಮಾರು ೨೧ ಭಾಗವು ಮೂಲೆಗಳ ಚೂರಾಗಿ ಉಳಿದುಬಿಡುತ್ತದೆ.

ಆಕಾರವನ್ನು ಗುರುತಿಸಿದರಷ್ಟೇ ಸಾಲದು, ಅಳೆಯಲೂ ತಿಳಿದಿರಬೇಕು. ಒಬ್ಬನಿಗೆ ೨೪ ಸೆಂಟಿಮೀಟರ್ ವ್ಯಾಸದ ಒಂದು ರೊಟ್ಟಿಯನ್ನೂ, ಇನ್ನೊಬ್ಬನಿಗೆ ಅಷ್ಟೇ ದಪ್ಪದ, ೧೨ ಸೆಂಟಿಮೀಟರ್ ವ್ಯಾಸದ ಎರಡು ರೊಟ್ಟಿಗಳನ್ನೂ ಬಡಿಸಿದೆವೆಂದು ತಿಳಿಯೋಣ. ಹನ್ನೆರಡೂ ಹನ್ನೆರಡೂ ಕೂಡಿ ಇಪ್ಪತ್ತನಾಲ್ಕಾಯಿತು, ಪಾಲು ಸಮನಾಯಿತು ಎಂದು ತೋರಬಹುದು. ಗಣಿತವು ಇದನ್ನು ಒಪ್ಪುವುದಿಲ್ಲ. ವೃತ್ತದ ಕ್ಷೇತ್ರಫಲವು ತ್ರಿಜ್ಯದ ವರ್ಗವನ್ನು ಅನುಸರಿಸುತ್ತದೆ. ವ್ಯಾಸವು ಅರ್ಧವಾದರೆ ತ್ರಿಜ್ಯವೂ ಅರ್ಧವಾಗಿ, ಕ್ಷೇತ್ರಫಲವು ಕಾಲು ಭಾಗಕ್ಕೆ ಇಳಿಯುತ್ತದೆ. ಹೀಗಾಗಿ ಎರಡು ರೊಟ್ಟಿ ಪಡೆದವನಿಗೆ ದೊರೆತದ್ದು ಮೊದಲನೆಯವನ ಅರ್ಧ ಪಾಲು ಮಾತ್ರ! ಉಂಡೆಯಲ್ಲಿ ಈ ಅಂತರವು ಇನ್ನೂ ಹೆಚ್ಚು. ವ್ಯಾಸವು ಅರ್ಧವಾದರೆ ಘನಫಲವು ಎಂಟರಲ್ಲಿ ಒಂದು ಪಾಲಾಗುತ್ತದೆ. ಅಂತಹ ಎರಡು ಉಂಡೆಗಳು ಸೇರಿದರೂ ದೊಡ್ಡ ಉಂಡೆಯ ಕಾಲು ಭಾಗವೇ.

ಅಂಗಡಿಯಲ್ಲಿ ಎಣಿಕೆಯನ್ನಷ್ಟೇ ನೋಡಿ ಕೊಳ್ಳುವವನು ಮೋಸಹೋಗಬಹುದು. ಪಂಕ್ತಿಯಲ್ಲಿ ಎಣಿಕೆಯನ್ನಷ್ಟೇ ನೋಡಿ ಬಡಿಸುವವನು ತನಗರಿಯದೆಯೇ ಪಕ್ಷಪಾತ ಮಾಡಬಹುದು. ಎಲ್ಲರಿಗೂ ಸಮನಾಗಿ ಹಂಚಬೇಕೆಂಬ ಒಳ್ಳೆಯ ಮನಸ್ಸು ಮುಖ್ಯವೇ ಸರಿ. ಆದರೆ ಹಂಚಿದ್ದು ಸಮನಾಗಿದೆಯೇ ಎಂಬುದನ್ನು ತಿಳಿಯಲು ಗಣಿತದ ನೆರವು ಬೇಕು.