ಬಚ್ಚಲುಮನೆಯ ಕಿಟಕಿ

ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಆದುದರಿಂದಲೇ ಹಿಮ ಬೀಳುವ ನಾಡುಗಳಲ್ಲಿ ಚಳಿಗಾಲಕ್ಕೆ ಮುನ್ನವೇ ನೀರಿನ ಕೊಳವೆಗಳಿಗೆ ಹೊದಿಕೆ ಸುತ್ತುವರು. ಇಲ್ಲವಾದರೆ ಅವು ಒಡೆಯುವುವು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಮಾಗಿಯ ಚಳಿ ಎಷ್ಟೇ ಕೊರೆದರೂ ಕೊಳವೆಗಳಿಗೆ ಆ ಭಯವಿಲ್ಲ. ನಮ್ಮಲ್ಲಿ ಎಚ್ಚರ ಬೇಕಾದುದು ಬಚ್ಚಲುಮನೆಯಲ್ಲಿ.

ಹಿಂದೆ ಹಂಡೆಯೊಲೆಯ ಹೊಗೆ ಹೆಂಚಿನ ಸಂದಿನಿಂದ ಹೊರಹೋಗುತ್ತಿತ್ತು. ಇಂದು ಅನೇಕ ಮನೆಗಳಲ್ಲಿ ಒಲೆಯ ಸ್ಥಾನಕ್ಕೆ ಗ್ಯಾಸ್ ಗೀಸರ್ ಬಂದಿದೆ. ಚಳಿಗೆಂದು ಕಿಟಕಿ ಮುಚ್ಚಿದರೆ, ಗಾಳಿ ಸಾಲದೆ ಅನಿಲವು ಅರೆಬರೆಯಾಗಿ ಉರಿದು ಕಾರ್ಬನ್ ಮಾನಾಕ್ಸೈಡ್ ಉಂಟಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯಂತೆ ಕಣ್ಣುರಿಸಿ ಎಚ್ಚರಿಸುವುದೂ ಇಲ್ಲ. ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸಿ ಪ್ರಾಣವನ್ನೇ ತೆಗೆಯಬಲ್ಲದು. ಆದುದರಿಂದ ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇರಿಸಬೇಕು. ಕಿಟಕಿಯನ್ನು ಎಂದೂ ಮುಚ್ಚಬಾರದು. ತುಸು ಚಳಿಯನ್ನು ದೇಹ ತಾಳೀತು. ಗಾಳಿಯಿಲ್ಲದೆ ಗಳಿಗೆಯೂ ತಾಳದು.