ಸಸ್ಯರಸದ ಸಂಚಾರ: ಒಂದು ಹಳೆಯ ವಿವಾದ

ಹತ್ತಾಳೆತ್ತರದ ಮರದ ತುದಿಯೆಲೆಗೆ ಬೇರಿನ ನೀರು ಮುಟ್ಟುವುದು ಹೇಗೆ? ಪ್ರಾಣಿಗಳಿಗಿರುವಂತೆ ಗಿಡಕ್ಕೆ ಹೃದಯವಿಲ್ಲ. ಪ್ರಶ್ನೆ ಸಸ್ಯಶಾಸ್ತ್ರಕ್ಕೆ ಸೇರಿದುದಾದರೂ, ಅದಕ್ಕೆ ಉತ್ತರ ದೊರೆತ ಬಗೆ ಇತಿಹಾಸವನ್ನು ಅಭ್ಯಸಿಸುವ ನಮಗೂ ಪಾಠವಾಗಬಲ್ಲುದು.

17ನೆಯ ಶತಮಾನದಲ್ಲಿಯೇ ಇಟಲಿಯ ಮಾಲ್ಪೀಗಿ ಕಾಂಡದ ಸುತ್ತಲಿನ ತೊಗಟೆಯನ್ನು ಉಂಗುರದಂತೆ ಕೆತ್ತಿ ತೆಗೆದು ಪರೀಕ್ಷಿಸಿದನು. ಹೀಗೆ ಮಾಡಿದಾಗ ಗಾಯದ ಮೇಲ್ಭಾಗದ ತೊಗಟೆ ಊದಿಕೊಳ್ಳುತ್ತದೆ. ಎಲೆಗಳಾದರೋ ಕೂಡಲೇ ಬಾಡುವುದಿಲ್ಲ. ನೀರು ಒಳಗಿನ ಕಟ್ಟಿಗೆಯ ಮೂಲಕ ಏರುವುದೆಂದೂ, ಎಲೆಯಲ್ಲಿ ಸಿದ್ಧವಾದ ಆಹಾರ ತೊಗಟೆಯ ಮೂಲಕ ಇಳಿಯುವುದೆಂದೂ ಇದರಿಂದ ತಿಳಿಯುತ್ತದೆ. ಮೊದಲನೆಯ ಮಾರ್ಗವನ್ನು ಇಂದು ಕ್ಸೈಲಂ ಎಂದೂ ಎರಡನೆಯದನ್ನು ಫ್ಲೋಯಂ ಎಂದೂ ಕರೆಯುತ್ತೇವೆ.

ಮಾರ್ಗವೇನೋ ತಿಳಿಯಿತು, ನೀರನ್ನೆತ್ತುವ ಬಲ ಯಾವುದು? ವಾಯುಮಂಡಲದ ಒತ್ತಡ ನೀರನ್ನು ಸುಮಾರು 10 ಮೀಟರಿಗಿಂತ ಮೇಲಕ್ಕೆ ಎತ್ತಲಾರದು. ಕ್ಯಾಲಿಫೋರ್ನಿಯದ ರೆಡ್‌ವುಡ್ ಮರಗಳಲ್ಲಿ ಕೆಲವು 100 ಮೀಟರನ್ನೂ ಮೀರಿವೆ. ಆದಕಾರಣ ಕಾಂಡದ ಸಜೀವ ಕೋಶಗಳೇ ನೀರನ್ನು ಮೇಲಕ್ಕೆ ತಳ್ಳುತ್ತವೆಂದು ಹಲವರು ಊಹಿಸಿದರು. 1890ರ ದಶಕದ ಆದಿಯಲ್ಲಿ ಜರ್ಮನಿಯ ಸ್ಟ್ರಾಸ್‌ಬರ್ಗರ್, ಕಡಿದ ಮರಗಳ ಬುಡವನ್ನು ವಿಷದ್ರಾವಣದಲ್ಲಿ ನಿಲ್ಲಿಸಿ ಈ ಊಹೆಯನ್ನು ಒರೆಗೆ ಹಚ್ಚಿದನು. ಕಾಂಡದ ಕೋಶಗಳು ಸತ್ತ ಬಳಿಕವೂ ದ್ರವ ಏರುತ್ತಲೇ ಇತ್ತು. ವಿಷವು ಎಲೆಗಳನ್ನು ಮುಟ್ಟಿ ಅವು ಸತ್ತಮೇಲೆಯೇ ಏರಿಕೆ ನಿಂತಿತು.

1894ರಲ್ಲಿ ಡಬ್ಲಿನ್ನಿನ ಡಿಕ್ಸನ್ ಮತ್ತು ಜಾಲಿ ಇದಕ್ಕೆ ಕಾರಣವನ್ನು ಸೂಚಿಸಿದರು. ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಹಿಡಿದುಕೊಂಡಿರುತ್ತವೆ. ಬಿಸಿಲಿಗೆ ಎಲೆಯ ರಂಧ್ರಗಳಿಂದ ನೀರು ಆವಿಯಾಗಿ ಹೋದಂತೆಲ್ಲ, ಕ್ಸೈಲಂ ನಾಳಗಳೊಳಗಿನ ಜಲಸ್ತಂಭವು ಬಾವಿಯ ಹಗ್ಗದಂತೆ ಮೇಲಕ್ಕೆ ಸೆಳೆಯಲ್ಪಡುತ್ತದೆ. ಈ ನಾಳಗಳು ನಿರ್ಜೀವ ಕೋಶಗಳಿಂದಾದವು; ಏರಿಕೆಗೆ ಬೇಕಾದ ಶಕ್ತಿ ಸೂರ್ಯನದು.

1923ರಲ್ಲಿ ನಮ್ಮವರೇ ಆದ ಜಗದೀಶಚಂದ್ರ ಬೋಸರು ಇದಕ್ಕೆ ಭಿನ್ನವಾದ ಮತವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಕಾಂಡದೊಳಗಿನ ಸಜೀವ ಕೋಶಗಳು ಮಿಡಿಯುತ್ತ ರಸವನ್ನು ಮೇಲೇರಿಸುತ್ತವೆಂಬುದು ಅವರ ವಾದ. ವಿದ್ವಾಂಸರು ಅದನ್ನು ಒಪ್ಪಲಿಲ್ಲ. 1965ರಲ್ಲಿ ಶೊಲಾಂಡರ್ ಮತ್ತು ಸಂಗಡಿಗರು ಕತ್ತರಿಸಿದ ರೆಂಬೆಗಳನ್ನು ಒತ್ತಡದ ಕೋಷ್ಠದಲ್ಲಿರಿಸಿ, ಒಳಗಿನ ನೀರು ಎಷ್ಟು ಸೆಳೆತಕ್ಕೆ ಒಳಗಾಗಿರುತ್ತದೆಂಬುದನ್ನು ಅಳೆದು ತೋರಿಸಿದರು. ಸಾಕ್ಷ್ಯವು ಡಿಕ್ಸನ್ನರ ಪಕ್ಷಕ್ಕೆ ಒಲಿಯಿತು.

ಸಕ್ಕರೆಯ ಸಂಚಾರಕ್ಕಾದರೋ ಸಜೀವ ಕೋಶಗಳು ಬೇಕೇ ಬೇಕು. 1930ರಲ್ಲಿ ಮ್ಯೂಂಖ್ ಪ್ರತಿಪಾದಿಸಿದ ಸಿದ್ಧಾಂತದ ಸಾರವಿಷ್ಟು: ಎಲೆಯ ಬಳಿ ಫ್ಲೋಯಮಿನಲ್ಲಿ ಸಕ್ಕರೆ ತುಂಬಿದಾಗ ಪಕ್ಕದ ಕ್ಸೈಲಮಿನಿಂದ ನೀರು ಒಳನುಗ್ಗಿ ಒತ್ತಡ ಹೆಚ್ಚುತ್ತದೆ; ಬೇರು, ಕಾಯಿಗಳಲ್ಲಿ ಸಕ್ಕರೆ ವ್ಯಯವಾಗುವುದರಿಂದ ಅಲ್ಲಿ ಒತ್ತಡ ಕಡಮೆ. ಈ ಅಂತರದಿಂದಲೇ ರಸ ಹರಿಯುತ್ತದೆ.

ಬೋಸರ ಹೆಸರು ನಮಗೆ ಹೆಮ್ಮೆಯದು. ವಿದ್ಯುತ್ಕಾಂತ ತರಂಗಗಳನ್ನು ಕುರಿತ ಅವರ ಪ್ರಯೋಗಗಳ ಮೇಲ್ಮೆ ಇದರಿಂದ ಕುಂದದು. ಆದರೆ ಆ ಹೆಮ್ಮೆಗಾಗಿ ಬಿದ್ದುಹೋದ ವಾದವನ್ನು ಗೆದ್ದಿತೆಂದು ತರಗತಿಯಲ್ಲಿ ಹೇಳಿದೆವಾದರೆ, ಸಸ್ಯಶಾಸ್ತ್ರಕ್ಕೂ ಇತಿಹಾಸಕ್ಕೂ ಒಮ್ಮೆಗೇ ಅಪಚಾರ ಮಾಡಿದಂತಾಗುತ್ತದೆ.