ಚಂಡಮಾರುತದ ಬೆನ್ನಿಗೆ ಹೊರಡುವ ಲಾರಿಗಳು

2005ರ ಆಗಸ್ಟ್ 29ರಂದು ಅಮೆರಿಕದ ಲೂಸಿಯಾನಾ ಕರಾವಳಿಗೆ ಅಪ್ಪಳಿಸಿದ ಕತ್ರೀನಾ ಚಂಡಮಾರುತವು ನ್ಯೂ ಆರ್ಲಿಯನ್ಸ್ ನಗರದ ಬಹುಭಾಗವನ್ನು ಮುಳುಗಿಸಿದಾಗ, ನೆರವು ನೀಡುವ ಮನಸ್ಸಿನಷ್ಟೇ ಅದನ್ನು ತಲುಪಿಸುವ ವ್ಯವಸ್ಥೆಯೂ ಮುಖ್ಯವೆಂಬುದು ಮನದಟ್ಟಾಯಿತು. ಸಾಗಣೆ ಕಂಪನಿಗಳ ಲಾರಿ ಮತ್ತು ಗೋದಾಮುಗಳನ್ನು ಪರಿಹಾರ ಸಂಸ್ಥೆಗಳಿಗೆ ಒದಗಿಸಿಕೊಡುವ ‘ಅಮೆರಿಕನ್ ಲಾಜಿಸ್ಟಿಕ್ಸ್ ಏಯ್ಡ್ ನೆಟ್‌ವರ್ಕ್’ ರೂಪುಗೊಂಡದ್ದು ಈ ಅನುಭವದಿಂದಲೇ.

ಸ್ವಯಂಸೇವಕರು ಲಾರಿಗಳ ಸಾಲನ್ನು, ಅಂದರೆ ಕಾನ್ವಾಯನ್ನು, ಹೊರಡಿಸುವ ಮೊದಲು ಸರಕನ್ನು ಇಳಿಸಿಕೊಂಡು ಹಂಚುವವರು ಯಾರೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಇಲ್ಲವಾದರೆ ಯಾರೂ ಕೇಳದ ಹಳೆಯ ಬಟ್ಟೆಗಳ ರಾಶಿ ಗೋದಾಮನ್ನು ತುಂಬಿ, ಔಷಧ ಮತ್ತು ಕುಡಿಯುವ ನೀರಿಗೆ ಜಾಗವಿಲ್ಲದಂತಾಗುತ್ತದೆ. ಪರಿಹಾರ ಕಾರ್ಯಕರ್ತರು ಇದನ್ನು ‘ಎರಡನೆಯ ವಿಪತ್ತು’ ಎಂದು ಕರೆಯುವುದರಲ್ಲಿ ಉತ್ಪ್ರೇಕ್ಷೆಯಿಲ್ಲ. ವಿದ್ಯುತ್ ಕಡಿತಗೊಂಡಲ್ಲಿ ಬಂಕ್‌ಗಳ ಪಂಪುಗಳೂ ನಿಲ್ಲುವುದರಿಂದ, ಮರಳಿ ಬರುವಷ್ಟು ಡೀಸೆಲ್ಲನ್ನು ಮೊದಲೇ ಲೆಕ್ಕಹಾಕಿಟ್ಟುಕೊಳ್ಳಬೇಕಾಗುತ್ತದೆ. ಅಮೆರಿಕದಲ್ಲಿ ಸರಕು ಲಾರಿಯ ಚಾಲಕರಿಗೆ ಇರುವ 11 ಗಂಟೆಗಳ ಚಾಲನಾ ಮಿತಿಯನ್ನು ತುರ್ತುಸ್ಥಿತಿ ಘೋಷಣೆಯಾದಾಗ ಪರಿಹಾರ ಸಾಮಗ್ರಿಗಾಗಿ ಸಡಿಲಿಸುವುದುಂಟು (ನಿದ್ದೆಗೆ ಮಾತ್ರ ಈ ವಿನಾಯಿತಿ ತಿಳಿಯದು).

ಇಷ್ಟಾದರೂ ಲಾರಿಗೆ ರಸ್ತೆ ಬೇಕು. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತದ ಮಳೆಯು ಉತ್ತರ ಕೆರೊಲಿನಾದ ಪಶ್ಚಿಮ ಭಾಗದ ಗುಡ್ಡಗಾಡು ರಸ್ತೆಗಳನ್ನು ಕೊಚ್ಚಿಕೊಂಡು ಹೋದಾಗ, ಕೆಲವು ಊರುಗಳಿಗೆ ಸಾಮಗ್ರಿಯನ್ನು ಹೇಸರಗತ್ತೆಗಳ ಬೆನ್ನಮೇಲೆ ಸಾಗಿಸಲಾಯಿತು.